ಪಾದ್ರಿ ಕೋಲು

ವ್ಯಾನಿನ ಬಾಗಿಲ ಮೇಲಿನ ಬರಹ ಬೆಳಗಿನಿಂದಲೂ ಬ್ರೀಡಾಳ ಕಣ್ಣಿಗೆ ಚುಚ್ಚುತ್ತಿತ್ತು. '22 ವರ್ಷ. ಹಿಡಿದದ್ದೆಲ್ಲ ಹಿಂದಕ್ಕೆ.' ಏಪ್ರಿಲ್‌ನಲ್ಲಿ, ವರ್ಷದ ಮೊದಲ ಗಿರಾಕಿ ಬರುವ ಮುಂಚೆ, ಹಳೆಯ 21ರ ಒಂದನ್ನು ಮರಳುಕಾಗದದಲ್ಲಿ ತಿಕ್ಕಿ ತೆಗೆದು, ದೋಣಿಗೆ ಬಳಿಯುವ ಬಿಳಿ ಬಣ್ಣದಲ್ಲಿ ತಾನೇ ಬರೆದ ಅಂಕೆ. ಅಕ್ಷರ ದುಂಡಗಿದ್ದವು, ಬಣ್ಣ ಎಲ್ಲೂ ಸೋರಿರಲಿಲ್ಲ. ಕೆರ್ರಿಯ ಈ ಕಡಲಂಚಿನಲ್ಲಿ ಗಿರಾಕಿಗಳನ್ನು ಬಾಸ್ ಮೀನಿನ ಬೇಟೆಗೆ ಕರೆದೊಯ್ಯುವವರು ಬೇರೆಯವರೂ ಇದ್ದರು. ಇಂಥ ಮಾತನ್ನು ಬಾಗಿಲ ಮೇಲೆ ಬರೆದುಕೊಂಡು ಊರೂರು ಸುತ್ತುವ ಎದೆಗಾರಿಕೆ ಮಾತ್ರ ಅವಳೊಬ್ಬಳಿಗೇ ಇತ್ತು. ದಿನಕ್ಕೆ ಒಂದೆರಡು ಮೀನು ಮನೆಗೊಯ್ಯಲು ಕಾನೂನು ಬಿಡುತ್ತದೆ, ಬಿಡದವಳು ಬ್ರೀಡಾ; ಹಿಡಿದದ್ದೆಲ್ಲ ಜೀವಂತ ಕಡಲಿಗೇ ವಾಪಸು ಹೋಗಬೇಕು. ಐವತ್ತಮೂರು ವಯಸ್ಸು, ಮದುವೆಯಾಗದ ಹೆಂಗಸು, ಬೆನ್ನು ನೆಟ್ಟಗೆ, ಮಾತು ಖಡಕ್ಕು. ತನಗೆ ಸೊಕ್ಕು ಎಂದು ಊರವರು ಹಿಂದೆ ಆಡಿಕೊಳ್ಳುವುದು ಅವಳಿಗೆ ಗೊತ್ತಿತ್ತು, ಅದರಿಂದ ಬೇಜಾರೇನೂ ಇರಲಿಲ್ಲ. ಇದ್ದುದರಿಂದ ತಾನೇ ಆಡಿಕೊಳ್ಳುವುದು. ಆದರೆ ಇವತ್ತು ಸೆಪ್ಟೆಂಬರ್ ಹತ್ತೊಂಬತ್ತು. ಮೂರು ವರ್ಷದಿಂದ ಈ ತಾರೀಖು ಬಂದಾಗಲೆಲ್ಲ ಅವಳು ವ್ಯಾನನ್ನು ಆ ಬಾಗಿಲು ಗೋಡೆಯ ಕಡೆ ಬರುವಂತೆ ನಿಲ್ಲಿಸುತ್ತಿದ್ದಳು. ಇವತ್ತು ಮರೆತಿದ್ದಳು.

ಡೆಕ್ಲನ್‌ನ ಹೋಟೆಲಿನ ಮುಂದೆ ಗಿರಾಕಿಗಳು ಕಾಯುತ್ತಿದ್ದರು. ಡಬ್ಲಿನ್‌ನಿಂದ ಬಂದ ಗಂಡಹೆಂಡತಿ, ಕಾರ್ಮಕ್ ಮತ್ತು ಊನಾ. ಕಾರ್ಮಕ್ ವಕೀಲನಂತೆ, ಹಾಗೆಂದು ಅವನು ಹೇಳುವ ಮೊದಲೇ ಗೊತ್ತಾಗುತ್ತಿತ್ತು. ನೀರಿಗಿಳಿಯುವ ಹೊಸ ರಬ್ಬರ್ ಉಡುಪನ್ನು ಎದೆಯವರೆಗೆ ಏರಿಸಿಕೊಂಡು ರಸ್ತೆಯಲ್ಲೇ ನಿಂತಿದ್ದ. ಊನಾ ಬಾಗಿಲ ಮೇಲಿನ ಬರಹವನ್ನು ಒಮ್ಮೆ ಓದಿ, ಬ್ರೀಡಾಳ ಮುಖವನ್ನೊಮ್ಮೆ ನೋಡಿದಳು. "ಒಂದೇ ಒಂದೂ ಸತ್ತಿಲ್ವಾ?" ಎಂದು ಕೇಳಿದ್ದು ಕಾರ್ಮಕ್. ಬಾಗಿಲಿಗೆ ಒರಗಿ ನಿಂತಿದ್ದ ಡೆಕ್ಲನ್, ಒಂದೇ ಬೆಂಚಿನಲ್ಲಿ ಕೂತು ಓದಿದ ಸಲಿಗೆಯಲ್ಲಿ, "ಸಾಯೋ ಧೈರ್ಯ ಯಾವ ಮೀನಿಗಿದೆ ಸ್ವಾಮಿ, ಇವಳ ಕೈಲಿ? ಬೈತಾಳೆ" ಎಂದ. ಎಲ್ಲರೂ ನಕ್ಕರು. ಬ್ರೀಡಾಳೂ ನಕ್ಕಳು, ನಕ್ಕು, ಬಲಗೈ ಹೆಬ್ಬೆರಳನ್ನು ಕೋಟಿನ ಜೇಬಿಗೆ ಇಳಿಬಿಟ್ಟಳು. ಆ ಹೆಬ್ಬೆರಳನ್ನು ಅವಳು ಸಾಮಾನ್ಯವಾಗಿ ಬಚ್ಚಿಡುವವಳಲ್ಲ. ಬಾಸ್ ಮೀನಿನ ಬಾಯಿ ಒಳಗೆ ಮರಳುಕಾಗದದಂತೆ ತರಿ. ಕೆಳದವಡೆಯನ್ನು ಹೆಬ್ಬೆರಳಿನಲ್ಲಿ ಹಿಡಿದು, ಮುಖವನ್ನು ನೀರಿನ ಸೆಳೆತಕ್ಕೆ ಒಡ್ಡಿ ನಿಂತರೆ, ಸುಸ್ತಾದ ಮೀನು ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು ಬೆರಳನ್ನು ಕಚ್ಚುತ್ತದೆ. ಕಚ್ಚಿದರೆ ಬದುಕಿತು ಎಂದು ಅರ್ಥ, ಆಗ ಬಿಡಬೇಕು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಸಲವೋ ಕಚ್ಚಿಸಿಕೊಂಡು ಅವಳ ಹೆಬ್ಬೆರಳಿನ ಚರ್ಮ ಬಡಗಿಯ ಅಂಗೈಯ ಹಾಗೆ ಗಡುಸಾಗಿ ಹೋಗಿತ್ತು. ಬೇರೆ ಹೆಂಗಸರು ಉಂಗುರ ತೋರಿಸುವ ಕಡೆ ಅವಳು ಅದನ್ನು ತೋರಿಸುತ್ತಿದ್ದಳು.

ಟ್ರಾ ಬಾನ್‌ನ ದಂಡೆಯಲ್ಲಿ ಆ ಹೊತ್ತಿಗೆ ಉಬ್ಬರ ಶುರುವಾಗಿತ್ತು. ನೈಋತ್ಯದ ಗಾಳಿ, ಮೋಡ, ಮರಳನ್ನು ಕಲಕಿ ಬರುವ ಮೂರು ಸಾಲು ಅಲೆ. ಇದೇ ಬೇಕಾದದ್ದು. ಅವಳು ಗಿರಾಕಿಗಳ ಗಾಳದ ಕೋಲಿಗೆ ಕಟ್ಟಿದ್ದನ್ನು ಈ ಕಸುಬಿನವರು ನೊಣ ಎನ್ನುತ್ತಾರೆ; ಹೆಸರಿಗಷ್ಟೇ ನೊಣ, ನೋಡಲು ಅದು ಬೆರಳುದ್ದದ ಮೀನುಮರಿ, ಬಿಳಿ ಮೇಕೆಕೂದಲು ಮತ್ತು ಎರಡೆಳೆ ನವಿಲುಗರಿ ಸೇರಿಸಿ ಚಳಿಗಾಲದ ಮಧ್ಯಾಹ್ನಗಳಲ್ಲಿ ಅವಳೇ ಸುತ್ತಿದ್ದು. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದಳು, ಬಿಡಿಸುವಾಗ ಮೀನಿಗೆ ನೋವಾಗದಂತೆ. ಹೇಗೆ ಎಸೆಯಬೇಕೆಂದು ತೋರಿಸಲು ಕೋಲನ್ನು ಒಮ್ಮೆ ಕೈಗೆ ತೆಗೆದುಕೊಂಡಳು. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ, ಎದುರುಗಾಳಿಯನ್ನು ಸೀಳಿಕೊಂಡು ದಾರ ಬಿಚ್ಚಿಕೊಳ್ಳುತ್ತ ಹೋಗಿ ಮೂರನೆಯ ಅಲೆಯ ಬೆನ್ನ ಹಿಂದೆ, ಅವಳು ಅಂದುಕೊಂಡ ಜಾಗದಲ್ಲೇ ಇಳಿಯಿತು. ಆ ಒಂದು ಗಳಿಗೆ ಅವಳಿಗೆ ಬೇರೆ ಯಾರೂ ಬೇಕಿರಲಿಲ್ಲ. ದೇವರು ಎಲ್ಲರಿಗೂ ಏನಾದರೊಂದನ್ನು ಕೊಟ್ಟಿರುತ್ತಾನೆ, ತನಗೆ ಈ ಮೊಣಕೈ ಕೊಟ್ಟಿದ್ದಾನೆ ಎಂದುಕೊಂಡಳು. "ನಮ್ಮಿಂದ ಇದಾಗತ್ತಾ?" ಎಂದ ಕಾರ್ಮಕ್. "ಇದಾಗಲ್ಲ. ಇದರಲ್ಲಿ ಅರ್ಧ ಆಗತ್ತೆ. ಅರ್ಧಕ್ಕೇ ಮೀನು ಬೀಳತ್ತೆ, ಚಿಂತೆ ಮಾಡ್ಬೇಡಿ" ಎಂದಳು ಬ್ರೀಡಾ. ಕಾರ್ಮಕ್‌ನ ಮುಖ ಸಣ್ಣಗಾಯಿತು. ಊನಾ ಮೊದಲ ಸಲ ನಕ್ಕಳು.

ಚೀಲದ ತಳದಲ್ಲಿ ಇಕ್ಕಳ ಹುಡುಕುವಾಗ ಕೈಗೆ ಆ ಗಿಡ್ಡ ಮರದ ಕೋಲು ತಗುಲಿತು. ಗೇಣುದ್ದ, ತಲೆ ದಪ್ಪ, ಹಿಡಿ ಸಣ್ಣ. ಇಲ್ಲಿಯ ಮೀನುಗಾರರು ಅದನ್ನು ಪಾದ್ರಿ ಎನ್ನುತ್ತಾರೆ. ಸಾಯುವವರ ಮನೆಗೆ ಕೊನೆಯ ಗಳಿಗೆಗೆ ಪಾದ್ರಿ ಬರುವಂತೆ, ಮೀನಿನ ಕೊನೆಯ ಗಳಿಗೆಗೆ ಈ ಕೋಲು. ತಲೆಯ ಮೇಲೆ ಒಂದು ಏಟು, ಒದ್ದಾಟ ಮುಗಿಯಿತು. ಅಪ್ಪ ಫಿನ್‌ಬಾರ್ ತನ್ನ ಹಳೆಯ ದೋಣಿಯ ಹುಟ್ಟು ಮುರಿದಾಗ ಅದರ ತುಂಡನ್ನು ಕೆತ್ತಿ ಮಾಡಿದ್ದು. ಅವಳು ಕಾರ್ಖಾನೆಯ ಕೆಲಸ ಬಿಟ್ಟು ಈ ಕಸುಬಿಗೆ ಇಳಿದ ಮೊದಲ ದಿನ ಬಾಗಿಲಲ್ಲಿ ನಿಂತು ಕೈಗಿಟ್ಟಿದ್ದ. "ನಾನು ಕೊಲ್ಲಲ್ಲ ಅಪ್ಪಾ, ಅದಕ್ಕೇ ತಾನೇ ಈ ಕೆಲಸ ಹಿಡಿದಿದ್ದು" ಎಂದಿದ್ದಳು. "ಗೊತ್ತು ಕಣೇ. ಬಿಡೋಕಾಗದ ದಿನ ಒಂದು ಬರತ್ತೆ. ಇಟ್ಕೊಂಡಿರು" ಎಂದಿದ್ದ. ಇದು ತನಗೆ ಹಾಕಿದ ಚುಚ್ಚು ಎಂದೇ ಅವಳು ತಿಳಿದಳು. ಬಲೆ ಹಾಕಿದವನು ತಾನೇ ಅವನು. ಅವಳ ಹದಿನೇಳನೆಯ ವಯಸ್ಸಿಗೆ ಬಾಸ್ ಮೀನಿಗೆ ಬಲೆ ಹಾಕಬಾರದೆಂದು ಸರ್ಕಾರ ತಡೆ ಹಾಕುವವರೆಗೂ ಅವಳು ಆ ದೋಣಿಯಲ್ಲಿ ಅವನ ಜೊತೆ ಹೋಗಿದ್ದಳು. ಬಲೆಯಲ್ಲಿ ಬಂದ ಮೀನಿಗೆ ಯಾರೂ ಕೋಲೆತ್ತುತ್ತಿರಲಿಲ್ಲ, ಅಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿ. ರಾಶಿರಾಶಿಯಾಗಿ ದೋಣಿಯ ತಳದಲ್ಲಿ ಬಿದ್ದು ಬಾಲದಿಂದ ಹಲಗೆ ಬಡಿಯುತ್ತಿದ್ದವು. ಆ ಬಡಿತ ದಡ ಮುಟ್ಟುವವರೆಗೂ ಕೇಳುತ್ತಿತ್ತು, ಕೊನೆಗೆ ಒಂದೇ ಒಂದರದು. ಅಪ್ಪ ಹುಟ್ಟು ಹಾಕುತ್ತ ಅವಳ ಮುಖ ನೋಡುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಡೆಕ್ಲನ್‌ನ ಹೋಟೆಲಿನಲ್ಲಿ ದೂರದೂರದಿಂದ ಬಂದ ಬೇಟೆಗಾರರ ಮುಂದೆ ಮಾತಾಡಲು ನಿಂತಾಗ ಚಪ್ಪಾಳೆಯ ಬಿಸಿಯಲ್ಲಿ ಅವಳ ಬಾಯಿಂದ ಬಂದುಬಿಟ್ಟಿತ್ತು: "ಈ ಕಡಲನ್ನ ಬರಿದು ಮಾಡಿದ್ದು ಬೇರೆ ಯಾರೂ ಅಲ್ಲ, ನಮ್ಮಪ್ಪಂದಿರು." ಮೂಲೆಯ ಬೆಂಚಿನಲ್ಲಿ ಅಪ್ಪ ಕೂತಿದ್ದ. ಇಡೀ ಕೋಣೆ ಅವನ ಕಡೆ ತಿರುಗಿತು. ಅವನು ಅರ್ಧ ಗ್ಲಾಸು ಬಿಯರನ್ನು ಹಾಗೇ ಬಿಟ್ಟು, ಟೊಪ್ಪಿಗೆ ಹಾಕಿಕೊಂಡು, ಯಾರ ಕಾಲೂ ತುಳಿಯದಂತೆ ಎಚ್ಚರಿಕೆಯಿಂದ ಹೊರಗೆ ಹೋದ. ಮನೆಯಲ್ಲಿ ಆ ಮಾತನ್ನು ಎಂದೂ ಎತ್ತಲಿಲ್ಲ. ಹೇಳಿದ್ದು ಸುಳ್ಳೇನಲ್ಲವಲ್ಲ ಎಂದು ಅವಳು ಹತ್ತು ವರ್ಷದಿಂದ ಹೇಳಿಕೊಳ್ಳುತ್ತಿದ್ದಳು. ಎಂಬತ್ತನಾಲ್ಕರ ಅವನಿಗೆ ಈಗ ಉಳಿದಿರುವುದು ಒಂದೇ ತಮಾಷೆ. ದಿನಾ ಸಂಜೆ ಅವಳು ಬೂಟು ಕಳಚುವಾಗ ಒಲೆಯ ಬಳಿಯಿಂದ ಕೇಳುತ್ತಾನೆ: "ಏನ್ ಸಿಕ್ತು?" ಇಷ್ಟು ಸಿಕ್ಕಿತು, ಇಷ್ಟುದ್ದ, ಬಿಟ್ಟೆ ಎಂದರೆ, "ಅಯ್ಯೋ, ಹುರಿಯೋಕೆ ಬೆಣ್ಣೆ ಕಾಸಿಟ್ಟಿದ್ನಲ್ಲೇ" ಎನ್ನುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಅವನು ಕೇಳದೆ ಇದ್ದದ್ದು ಒಂದೇ ಒಂದು ಸಂಜೆ. ಆವತ್ತು ಅವನಿಗೆ ಮೈಗೆ ಹುಷಾರಿಲ್ಲವೇನೋ ಎಂದುಕೊಂಡು ಅವಳು ಹಣೆ ಮುಟ್ಟಿ ನೋಡಿದ್ದಳು.

"ಬ್ರೀಡಾ!" ಎಂದು ಕೂಗಿದ್ದು ಊನಾ. ಅವಳ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತ್ತು. ಕಾರ್ಮಕ್ ಆಗಲೇ ತನ್ನ ಕೋಲನ್ನು ಮರಳಿಗೆ ಚುಚ್ಚಿ ಫೋನು ಹೊರತೆಗೆದಿದ್ದ. ಬ್ರೀಡಾ ಸೊಂಟದವರೆಗಿನ ನೀರಿನಲ್ಲಿ ಊನಾಳ ಪಕ್ಕಕ್ಕೆ ಹೋಗಿ ನಿಂತು, "ಓಡಲಿ ಬಿಡಿ. ಎಳೀಬೇಡಿ. ಅದಕ್ಕೂ ಸ್ವಲ್ಪ ಮರ್ಯಾದೆ ಇರಲಿ. ಹಾಂ, ಈಗ ಎಳ್ಕೊಳ್ಳಿ" ಎನ್ನುತ್ತಿದ್ದಳು. ಮೂರನೆಯ ಅಲೆಯಲ್ಲಿ ಮೀನಿನ ಮಗ್ಗುಲು ಒಮ್ಮೆ ಮಿಂಚಿತು. ದೊಡ್ಡದು, ಈ ವರ್ಷದಲ್ಲೇ ದೊಡ್ಡದು. ಬಾಸ್ ಮೀನು ಬೆಳೆಯುವುದು ಬಹಳ ನಿಧಾನ. ಇಷ್ಟು ಬೆಳೆಯಲು ಹದಿನೈದು ಹದಿನಾರು ವರ್ಷವಾದರೂ ಬೇಕು. ಅಪ್ಪ ಬಲೆ ಬಿಟ್ಟ ಮೇಲೆ ಹುಟ್ಟಿದ್ದು ಎಂದು ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ತಾನು ಉಳಿಸಿದ ಕಡಲಿನ ಮೀನು. ಎದೆ ಉಬ್ಬಿತು. ಆಮೇಲೆ ನೀರು ಕೆಂಪಾದದ್ದು ಕಂಡಿತು.

ನೊಣವನ್ನು ಅದು ಗಂಟಲವರೆಗೆ ನುಂಗಿತ್ತು. ಗಾಳ ಕಿವಿರಿನ ಬುಡಕ್ಕೆ ಹೊಕ್ಕಿತ್ತು. ಅವಳು ಒಂದೇ ಸಲಕ್ಕೆ ಬಿಡಿಸಿದಳು, ಅದರಲ್ಲಿ ಅವಳ ಕೈ ತಪ್ಪುವುದಿಲ್ಲ, ಆದರೆ ಆಗಬೇಕಾದ ಕೆಡುಕು ಆಗಿಹೋಗಿತ್ತು. ಕಿವಿರು ತೆರೆದು ಮುಚ್ಚಿದಾಗಲೆಲ್ಲ ರಕ್ತ ಬರುತ್ತಿತ್ತು. ಹೆಬ್ಬೆರಳನ್ನು ಬಾಯಿಗಿಟ್ಟು, ಮುಖವನ್ನು ಸೆಳೆತಕ್ಕೆ ಒಡ್ಡಿ ನಿಂತಳು. ಒಂದು ಅಲೆ, ಎರಡು, ಹತ್ತು. ಕಚ್ಚು, ಎಂದಳು ಮನಸ್ಸಿನಲ್ಲಿ. ಮೀನು ಕಚ್ಚಲಿಲ್ಲ. ಬಾಯಿ ಅವಳ ಬೆರಳಿನ ಮೇಲೆ ಸುಮ್ಮನೆ ಇತ್ತು, ನಿದ್ದೆ ಹೋದ ಕೂಸಿನ ಬಾಯಿಯಂತೆ. ಇದು ಅವಳಿಗೆ ಗೊತ್ತಿದ್ದ ಭಾರ. ಮೂರು ವರ್ಷದ ಹಿಂದೆ ಇದೇ ದಂಡೆ, ಇದೇ ತಾರೀಖು, ಆರು ಮಂದಿ ಗಿರಾಕಿಗಳು, ಎಲ್ಲರ ಕೈಯಲ್ಲೂ ಫೋನು. ಆ ಮೀನೂ ಕಚ್ಚಿರಲಿಲ್ಲ. ಅವಳು ಇಪ್ಪತ್ತು ನಿಮಿಷ ಹಿಡಿದು ನಿಂತು, ಆಮೇಲೆ ಅವರ ಕಡೆ ತಿರುಗಿ ನಕ್ಕು, ಕೈಯನ್ನು ನೀರಿನೊಳಗೆ ಮುಂದಕ್ಕೆ ತಳ್ಳಿದ್ದಳು. ತಳ್ಳಿದ್ದು. ಬಿಟ್ಟದ್ದಲ್ಲ. ಒಂದು ಮಾರು ನೀರಿನೊಳಗೆ ಹೋಗಿ ಅದು ಮಗ್ಗುಲಾದದ್ದು ಅವಳಿಗೊಬ್ಬಳಿಗೇ ಕಂಡಿತ್ತು. ದಡದಲ್ಲಿ ಚಪ್ಪಾಳೆ. ಮರುದಿನ ಬೆಳಿಗ್ಗೆ ಬಂದು ನೋಡಿದಾಗ ಕಡಲಕಳೆಯ ಸಾಲಿನಲ್ಲಿ ಬಿದ್ದಿತ್ತು, ಕಣ್ಣುಗಳನ್ನು ಕಡಲಹಕ್ಕಿಗಳು ತಿಂದಿದ್ದವು. ಹಿಂದೆ ಮುಂದೆ ನೋಡಿ, ಬೂಟಿನಿಂದ ಅದರ ಮೇಲೆ ಕಳೆ ಎಳೆದು ಮುಚ್ಚಿದಳು. ಕೈಯಿಂದ ಸಹ ಅಲ್ಲ, ಬೂಟಿನಿಂದ. ಮುಂದಿನ ಏಪ್ರಿಲ್‌ನಲ್ಲಿ 19ನ್ನು 20 ಮಾಡಲು ಎರಡೂ ಅಂಕೆ ತಿಕ್ಕಬೇಕಾಯಿತು. ಬಹಳ ಹೊತ್ತು ಹಿಡಿಯಿತು, ನಿಲ್ಲಿಸಬೇಕೆಂದಿದ್ದರೆ ನಿಲ್ಲಿಸುವಷ್ಟು ಹೊತ್ತು. ಅವಳು ನಿಲ್ಲಿಸಲಿಲ್ಲ.

"ಬಿಡಿ, ಬಿಡಿ, ನಾನ್ ರೆಡಿ" ಎಂದ ಕಾರ್ಮಕ್ ದಡದಿಂದ. "ಬಿಡೋ ಫೋಟೋನೇ ಬೇಕು ನನಗೆ, ಹಿಡ್ದಿದ್ದಲ್ಲ. ನಿಮ್ಮ ವ್ಯಾನಿನ ಬೋರ್ಡ್ ಜೊತೆ ಹಾಕ್ತೀನಿ."

"ಇದು ಹೋಗಲ್ಲ" ಎಂದಳು ಬ್ರೀಡಾ.

"ಈಜ್ತಾ ಇದೆಯಲ್ಲ! ಬಾಲ ಆಡ್ತಾ ಇದೆ."

"ಅಲೆ ಆಡಿಸ್ತಾ ಇರೋದು ಸ್ವಾಮಿ ಅದು."

ಊನಾ ಹತ್ತಿರ ಬಂದು ರಕ್ತ ನೋಡಿ ಬಾಯಿ ಮುಚ್ಚಿಕೊಂಡಳು. "ನನ್ನಿಂದ ಆಯ್ತಾ? ತಡವಾಗಿ ಎಳೆದ್ನಾ?"

"ನಿಮ್ಮಿಂದಲ್ಲ. ನೀವು ಮಾಡಿದ್ದೆಲ್ಲ ಸರಿಯಾಗಿತ್ತು. ನೊಣ ಅಷ್ಟು ಚೆನ್ನಾಗಿ ಕಟ್ಟಿದ್ದು ನಾನು." ಇಂಥ ಹೊತ್ತಿನಲ್ಲೂ ಆ ಮಾತಿನಲ್ಲಿ ಎಳೆಯಷ್ಟು ಹೆಮ್ಮೆ ಉಳಿದಿದ್ದನ್ನು ಕೇಳಿ ಬ್ರೀಡಾಗೆ ತನ್ನ ಮೇಲೇ ಆಶ್ಚರ್ಯವಾಯಿತು. ಕಾರ್ಮಕ್ ಮಂಡಿಯವರೆಗೆ ನೀರಿಗಿಳಿದು ದನಿ ತಗ್ಗಿಸಿ, ಕಕ್ಷಿದಾರನಿಗೆ ಬುದ್ಧಿ ಹೇಳುವವನಂತೆ, "ನೋಡಿ, ಸುಮ್ನೆ ಮುಂದಕ್ಕೆ ಬಿಟ್ಬಿಡಿ. ಆಮೇಲೆ ಅದು ಏನಾಯ್ತು ಅಂತ ಯಾರ್ ನೋಡ್ತಾರೆ? ನಿಮ್ಮ ಇಪ್ಪತ್ತೆರಡು ವರ್ಷ ಒಂದು ಮೀನಿಗೆ ಹಾಳ್ ಮಾಡ್ಕೋತೀರಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಅವಳಿಗೆ ತಡೆಯಲಾಗಲಿಲ್ಲ. ತಾನು ಯಾರಿಗೂ ಹೇಳದೆ ಮೂರು ವರ್ಷ ಒಳಗೆ ಮಡಚಿಟ್ಟುಕೊಂಡಿದ್ದ ಮಾತನ್ನು ಹೊಸ ರಬ್ಬರ್ ಉಡುಪಿನ ಈ ಮನುಷ್ಯ ಹಗಲು ಬೆಳಕಿನಲ್ಲಿ, ಒಂದು ಸಹಾಯದಂತೆ, ಕೈಗಿಡುತ್ತಿದ್ದಾನೆ. ಹೊರಗಿನಿಂದ ಕೇಳಿದಾಗ ಅದು ಎಷ್ಟು ಅಗ್ಗವಾಗಿತ್ತು.

"ಚೀಲದ ತಳದಲ್ಲಿ ಒಂದು ಮರದ ಕೋಲಿದೆ. ತಂದ್ಕೊಡಿ" ಎಂದಳು ಊನಾಗೆ.

ಊನಾ ತಂದುಕೊಟ್ಟಳು. ಬ್ರೀಡಾ ದಡಕ್ಕೆ ಬಂದು, ಒದ್ದೆ ಬಂಡೆಯೊಂದರ ಮೇಲೆ ಮೀನನ್ನು ಮಲಗಿಸಿದಳು. ಮೇಲಿನ ರೆಕ್ಕೆಯ ಮುಳ್ಳುಗಳು ಇನ್ನೂ ನೆಟ್ಟಗೆ ಸೆಟೆದಿದ್ದವು. ಸಾಯುವಾಗಲೂ ಬಗ್ಗದ ಜಾತಿ, ಅವಳಿಗೆ ಮೊದಲಿಂದ ಹಿಡಿಸಿದ್ದು ಅದೇ. ಬಾಲ ಬಂಡೆಯನ್ನು ಒಮ್ಮೆ ಬಡಿಯಿತು. ದೋಣಿಯ ಹಲಗೆಯ ಸದ್ದು. ಎರಡನೆಯ ಸಲ ಬಡಿಯಲು ಅವಳು ಬಿಡಲಿಲ್ಲ. ಅಪ್ಪನ ಹುಟ್ಟಿನ ತುಂಡು ಅಂಗೈಯಲ್ಲಿ ಇಪ್ಪತ್ತೆರಡು ವರ್ಷವೂ ಅಲ್ಲೇ ಇದ್ದ ಹಾಗೆ ಕೂತಿತು. ಕಣ್ಣುಗಳ ಹಿಂದೆ, ತಲೆಯ ಮೇಲೆ, ಒಂದು ಏಟು. ಮೀನಿನ ಮೈಯಲ್ಲಿ ಒಂದು ನಡುಕ ಬಾಲದವರೆಗೆ ಓಡಿ ನಿಂತಿತು. ಅವಳು ಟೊಪ್ಪಿಗೆ ತೆಗೆದಳು. ಯಾಕೆ ತೆಗೆದೆನೆಂದು ಅವಳಿಗೇ ಗೊತ್ತಾಗಲಿಲ್ಲ. ಊನಾ ಕೂಡ ತೆಗೆದಳು. ಕಾರ್ಮಕ್ ಫೋನನ್ನು ಜೇಬಿಗೆ ಹಾಕಿಕೊಂಡ.

"ಫೋಟೋ ತೆಗೀರಿ. ಈಗ ತೆಗೀರಿ. ನನ್ನನ್ನೂ ಸೇರಿಸಿ" ಎಂದಳು ಬ್ರೀಡಾ. ಅವನಿಗೆ ತೆಗೆಯುವುದಾಗಲಿಲ್ಲ. ಊನಾ ತೆಗೆದಳು.

ಮೀನನ್ನು ಅವರಿಗೇ ಕೊಡಬೇಕಿತ್ತು, ಕೇಳಿದಳು ಕೂಡ. ಊನಾ ಬೇಡವೆಂದು ತಲೆಯಾಡಿಸಿ, "ನಿಮ್ಮನೇಲಿ ಯಾರಿಗಾದ್ರೂ ಇಷ್ಟಾನಾ?" ಎಂದಳು. ಹೂಂ, ಒಬ್ಬನಿಗೆ ಇಷ್ಟ ಎಂದಳು ಬ್ರೀಡಾ. ಅವರಿಬ್ಬರೂ ಸ್ವಲ್ಪ ಹೊತ್ತು ಅಲ್ಲೇ ದಂಡೆಯಲ್ಲಿ ಕೂತಿರುತ್ತೇವೆ, ಆಮೇಲೆ ತಾವೇ ನಡೆದು ಬರುತ್ತೇವೆ ಎಂದರು. ವ್ಯಾನಿನಲ್ಲಿ ಐಸಿನ ಪೆಟ್ಟಿಗೆ ಇತ್ತು, ಮುಚ್ಚಳವೂ ಇತ್ತು. ಮುಚ್ಚಳ ತೆಗೆದು ನೋಡಿ ಮತ್ತೆ ಹಾಕಿದಳು. ವ್ಯಾನನ್ನು ಅಲ್ಲೇ ಬಿಟ್ಟು, ಕಿವಿರಿಗೆ ಎರಡು ಬೆರಳು ತೂರಿಸಿ, ಅಪ್ಪನ ಕಾಲದವರು ಹಿಡಿಯುತ್ತಿದ್ದಂತೆ, ಮೀನು ನೆಟ್ಟಗೆ ನೇತಾಡುವಂತೆ ಹಿಡಿದು, ಇನ್ನೊಂದು ಕೈಯಲ್ಲಿ ಪಾದ್ರಿ ಕೋಲು ಹಿಡಿದು, ಊರಿನ ನಡುಬೀದಿಯಲ್ಲಿ ನಡೆದಳು. ಬಾಲ ಮೊಣಕಾಲು ದಾಟುತ್ತಿತ್ತು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು, ಆಗಿದ್ದು ಬೇರೆಯೇ. ಇಷ್ಟು ವರ್ಷ ಹೊತ್ತು ತಿರುಗಿದ ಹೆಮ್ಮೆಯಲ್ಲಿ ಎಲ್ಲೋ ಒಂದು ಕಡೆ ಕೈ ಇಟ್ಟು ಮುಚ್ಚಿಕೊಳ್ಳುವ ಜಾಗವಿತ್ತು. ಈಗ ಕೈಗಳೆರಡೂ ಬೇರೆ ಕೆಲಸದಲ್ಲಿದ್ದವು, ಮುಚ್ಚಿಕೊಳ್ಳಲು ಏನೂ ಉಳಿದಿರಲಿಲ್ಲ. ಅಂಚೆ ಕಚೇರಿಯ ಕಿಟಕಿಯಲ್ಲಿ ಒಂದು ಮುಖ ಬಂದು ನಿಂತಿತು. ಡೆಕ್ಲನ್ ಹೋಟೆಲಿನ ಮುಂದೆ ಕುರ್ಚಿ ಒರೆಸುತ್ತಿದ್ದವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನೋಡಿದ.

"ಏನೇ ಇದು? ನಿನ್ ಬೋರ್ಡು ಅಳಸ್ಬೇಕಾಯ್ತಲ್ಲೇ!"

"ನೀನ್ ಮುಟ್ಬೇಡ. ನನ್ ಬೋರ್ಡು, ನಾನೇ ಅಳಸ್ತೀನಿ."

"ಅಯ್ಯೋ, ತಮಾಷೆಗಂದೆ ಕಣೇ." ಅವನು ಮೀನನ್ನು ಮೇಲಿಂದ ಕೆಳಗೆ ನೋಡಿದ. ದನಿ ಬದಲಾಯಿತು. "ಎಂಥಾ ಮೀನು! ಎಷ್ಟ್ ವರ್ಷ ಆಯ್ತು ಈ ಬೀದೀಲಿ ಇಂಥದ್ದು ನೋಡಿ."

ಫಿನ್‌ಬಾರ್ ಒಲೆಯ ಬಳಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಅವಳ ಬೂಟಿನ ಸದ್ದಿಗೆ ತಲೆ ಎತ್ತದೆ, "ಏನ್ ಸಿಕ್ತು?" ಎಂದ. ಅವಳು ಉತ್ತರ ಕೊಡದೆ ಮೀನನ್ನು ಅವನ ಮುಂದಿನ ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ ಕೋಲನ್ನು ಇಟ್ಟಳು. ಚಾಕು ನಿಂತಿತು. ಈಗ ಹೇಳುತ್ತಾನೆ, ಹತ್ತು ವರ್ಷದ್ದನ್ನು ಸೇರಿಸಿ ಹೇಳುತ್ತಾನೆ, ಹೇಳಲಿ ಎಂದು ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಮೀನಿನ ತಲೆಯ ಮೇಲೆ, ಏಟು ಬಿದ್ದ ಜಾಗದಲ್ಲಿ, ಬೆರಳಾಡಿಸಿ ನೋಡಿದ.

"ಒಂದೇ ಏಟಾ?"

"ಒಂದೇ."

"ಒಂದೇ ಏಟು" ಎಂದ ಅವನು, ಮೀನಿಗೆ ಹೇಳುವಂತೆ. "ನನ್ ದೋಣೀಲಿ ನಿಂಗೆ ಅದೂ ಸಿಕ್ತಿರ್ಲಿಲ್ಲ." ಆಮೇಲೆ ಮಗಳ ಕಡೆ ನೋಡಿ, "ಒಳ್ಳೇ ಕೈ ಕಣೇ ನಿಂದು. ಇಪ್ಪತ್ತೆರಡು ವರ್ಷಕ್ಕೆ ಒಂದು. ಯಾವ ಮೀನುಗಾರನ ಮನೇಲೂ ಈ ಮಾತು ಹೇಳೋ ಹಾಗಿಲ್ಲ" ಎಂದ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಅಪ್ಪನ ಮುಖದಲ್ಲಿ ಅವಳು ಹೆಮ್ಮೆಯನ್ನು ಹಿಂದೆಂದೂ ನೋಡಿದ ನೆನಪಿರಲಿಲ್ಲ. ಇದೇ ಮೊದಲು. "ಎರಡು, ಅಪ್ಪಾ" ಎಂದಳು. "ಒಂದಲ್ಲ. ಎರಡು."

ಫಿನ್‌ಬಾರ್ ಆಲೂಗಡ್ಡೆಯನ್ನು ಮತ್ತೆ ಕೈಗೆತ್ತಿಕೊಂಡ. "ಗೊತ್ತು" ಎಂದ. "ಆವತ್ತು ದಂಡೇಲಿ ಸೌದೆ ಆರಿಸ್ತಾ ಹೋಗಿದ್ದೆ. ಅಷ್ಟು ಕಳೆ ಒಂದೇ ಕಡೆ ಯಾಕೆ ಅಂತ ಊರುಗೋಲಿಂದ ಸರಿಸಿದೆ. ಊರವರು ಯಾರಾದ್ರೂ ನೋಡ್ತಾರಲ್ಲ ಅಂತ ಎತ್ಕೊಂಡ್ ಬಂದು ಈ ಆಲೂಗಡ್ಡೆ ಪಾತೀಲೇ ಹೂತೆ. ನಿನ್ ಬೋರ್ಡು ಚೆನ್ನಾಗಿತ್ತು ಕಣೇ, ದಿನಾ ಓದ್ತಿದ್ದೆ."

ಆ ಸಂಜೆಯೇ ಅದು, ಅವನು ಏನೂ ಕೇಳದ ಸಂಜೆ. ಅವಳು ಹಣೆ ಮುಟ್ಟಿ ನೋಡಿದ್ದಳು, ಅವನು ಮುಟ್ಟಿಸಿಕೊಂಡು ಸುಮ್ಮನೆ ಕೂತಿದ್ದ. ಇಡೀ ಹೋಟೆಲಿನ ಎದುರು ತಾನು ಬೆರಳು ತೋರಿಸಿದ ಮನುಷ್ಯ, ಅವಳ ಸುಳ್ಳನ್ನು ಮೂರು ವರ್ಷ ಮನೆಯ ಹಿತ್ತಲಲ್ಲಿ ಕಾದಿದ್ದ. "ಅಪ್ಪಾ, ಆವತ್ತು ಡೆಕ್ಲನ್ ಹೋಟೆಲಲ್ಲಿ ನಾನು..." ಎಂದು ಶುರುಮಾಡಿದಳು.

"ಹೇಳಿದ್ದು ಸುಳ್ಳಲ್ವಲ್ಲ" ಎಂದ ಫಿನ್‌ಬಾರ್. "ಆ ಬಿಯರ್ ಮಾತ್ರ ಪೂರ್ತಿ ಕುಡಿದು ಬರಬೇಕಿತ್ತು. ಹೋಗು, ಕೈ ತೊಳ್ಕೋ. ನಾನು ಇದನ್ನ ಹೆಚ್ತೀನಿ."

ಕೈ ತೊಳೆಯುವ ಬದಲು ಅವಳು ಕೊಟ್ಟಿಗೆಯಿಂದ ಬಣ್ಣದ ಡಬ್ಬಿ, ಕುಂಚ, ಮರಳುಕಾಗದ ತೆಗೆದುಕೊಂಡು ದಂಡೆಗೆ ವಾಪಸು ನಡೆದಳು. ಡಬ್ಲಿನ್‌ನವರು ಹೋಗಿದ್ದರು. ವ್ಯಾನನ್ನು ಮನೆಯ ಮುಂದೆ ತಂದು, ಆ ಬಾಗಿಲು ರಸ್ತೆಯ ಕಡೆ ಬರುವಂತೆ ನಿಲ್ಲಿಸಿ, ಸಂಜೆಯ ಬೆಳಕು ಇನ್ನೂ ಇರುವಾಗಲೇ ಕೂತಳು. ಇಡೀ ಸಾಲನ್ನು ಅಳಿಸಬೇಕೆಂದೇ ಬಂದಿದ್ದಳು. 22ರ ಮೊದಲ ಅಂಕೆಯನ್ನು ತಿಕ್ಕಿ ತೆಗೆದು, ಪಕ್ಕಕ್ಕೆ ಹೋಗುವ ಮೊದಲು ಕೈ ತಡೆಯಿತು. ಉಳಿದ 2ನ್ನು ಸ್ವಲ್ಪ ಹೊತ್ತು ನೋಡಿದಳು. ಅದನ್ನು ಹಾಗೇ ಬಿಟ್ಟು, ಮುಂದಿನ 'ವರ್ಷ'ವನ್ನು ತಿಕ್ಕಿ, ಆ ಜಾಗದಲ್ಲಿ ಬೇರೊಂದು ಪದ ಬರೆದಳು. ಅಕ್ಷರ ಎಂದಿನಂತೆ ದುಂಡಗೆ ಬಂದವು. ಅಷ್ಟರಲ್ಲಿ ಕಿಟಕಿಯಿಂದ ಫಿನ್‌ಬಾರ್ ಕೂಗಿದ, "ಬೆಣ್ಣೆ ಕಾಸಿದೀನಿ ಕಣೇ, ಸೀದುಹೋಗತ್ತೆ, ಬಾ!" ಬಂದೆ ಎಂದು ಅವಳು ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, ಬರೆದದ್ದನ್ನು ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ ಓದಿದಳು: '2 ಬಿಟ್ಟು, ಹಿಡಿದದ್ದೆಲ್ಲ ಹಿಂದಕ್ಕೆ.'